ಸಾಕ್ಷಿ ಇದ್ದದ್ದು ಶತ್ರುವಿನ ಬಳಿ: ಅಜ್ಜಮಾಡ ದೇವಯ್ಯ ಮತ್ತು 23 ವರ್ಷ ತಡವಾದ ಮಹಾವೀರ ಚಕ್ರ

ಪ್ರಶ್ನೆ: ಸರ್, ಹಿಂದಿ ಸಿನಿಮಾ ಒಂದನ್ನು ನೋಡಿ ಬಂದ ಮೇಲೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ನಡೀತಿದೆ. 1965ರ ಯುದ್ಧದಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರು ಹಳೇ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆದು ಬೀಳಿಸಿದ್ದು ನಿಜವೇ? ಅರ್ಧ ವೇಗದ ವಿಮಾನಕ್ಕೆ ಅದು ಹೇಗೆ ಸಾಧ್ಯ? ನಿಜವೇ ಆಗಿದ್ದರೆ ಪದಕ ಕೊಡಲು 23 ವರ್ಷ ಯಾಕೆ ಬೇಕಾಯಿತು, ಬೇಕಂತಲೇ ಮುಚ್ಚಿಟ್ಟರಾ? ಪರಮವೀರ ಚಕ್ರವನ್ನೇ ಯಾಕೆ ಕೊಡಲಿಲ್ಲ ಅಂತ ನಮ್ಮ ಮಾವ ಬೇರೆ ಕೇಳ್ತಿದ್ದಾರೆ.

ಉತ್ತರ: ನಿಜ. ಮೊದಲು ಅಷ್ಟು ಹೇಳಿಬಿಡುತ್ತೇನೆ. 1965ರ ವಾಯುಯುದ್ಧದ ಲೆಕ್ಕದಲ್ಲಿ ಭಾರತ, ಪಾಕಿಸ್ತಾನ ಎರಡೂ ಕಡೆಯವರು ಒಪ್ಪುವ ಸಂಗತಿಗಳು ಬಹಳ ಕಡಿಮೆ. ನಾವು ಇಷ್ಟು ಬೀಳಿಸಿದೆವು ಅಂತ ಇವರು, ಇಲ್ಲ ಅಂತ ಅವರು, ಇವತ್ತಿಗೂ ಜಗಳ ನಡೆಯುತ್ತಲೇ ಇದೆ. ಇದೊಂದು ವಿಷಯದಲ್ಲಿ ಮಾತ್ರ ತಕರಾರಿಲ್ಲ. ಕಾರಣ ಸರಳ: ಇದನ್ನು ನಾವು ಹೇಳಿಕೊಂಡಿದ್ದಲ್ಲ, ಆ ಕಡೆಯಿಂದ ಬಂದ ಮಾತು.

ಮುಚ್ಚಿಟ್ಟರಾ ಅಂತ ಕೇಳಿದ್ದೀರಿ. ಮುಚ್ಚಿಡಬೇಕಾದರೆ ಮೊದಲು ಗೊತ್ತಿರಬೇಕು, ಅಲ್ವಾ? ನಮ್ಮವರಿಗೆ ಗೊತ್ತೇ ಇರಲಿಲ್ಲ. ಆದ್ದರಿಂದ ಈ 23 ವರ್ಷವನ್ನು ಒಂದೇ ಗಂಟಾಗಿ ನೋಡಬೇಡಿ, ಎರಡಾಗಿ ಒಡೆಯಿರಿ. 1965ರಿಂದ 1979ರವರೆಗಿನ 14 ವರ್ಷ ಒಂದು ಕತೆ. 1979ರಿಂದ 1988ರವರೆಗಿನದು ಇನ್ನೊಂದು ಕತೆ. ಮೊದಲನೆಯದಕ್ಕೆ ಯಾರನ್ನೂ ಬೈಯುವಂತಿಲ್ಲ. ಎರಡನೆಯದಕ್ಕೆ ಧಾರಾಳವಾಗಿ ಬೈಯಬಹುದು.

ಮೊದಲು ಆ ಮನುಷ್ಯನ ಬಗ್ಗೆ ಒಂದಿಷ್ಟು. ಪೂರ್ತಿ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. ಅಜ್ಜಮಾಡ ಅವರ ಒಕ್ಕದ, ಅಂದರೆ ಮನೆತನದ ಹೆಸರು, ಬೋಪಯ್ಯ ತಂದೆಯ ಹೆಸರು. ತಂದೆ ಡಾಕ್ಟರ್. ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. 1954ರಲ್ಲಿ ವಾಯುಪಡೆಗೆ ಪೈಲಟ್ ಆಗಿ ಸೇರಿದರು. ಜೊತೆಯವರು ಅವರನ್ನು ಕರೆಯುತ್ತಿದ್ದದ್ದು 'ಟಬ್ಬಿ' ಅಂತ. ವಾಯುಪಡೆಯಲ್ಲಿ ಇಂಥ ಅಡ್ಡಹೆಸರು ಎಲ್ಲರಿಗೂ ಇರುತ್ತದೆ, ಕೊನೆಗೆ ನಿಜವಾದ ಹೆಸರು ಪೇ ಸ್ಲಿಪ್‌ನಲ್ಲಿ ಮಾತ್ರ ಉಳಿಯುತ್ತದೆ. 1965ರ ಹೊತ್ತಿಗೆ ಅವರು ಸ್ಕ್ವಾಡ್ರನ್ ಲೀಡರ್. ಮದುವೆಯಾಗಿ ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದರು. ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಕೆಲಸದಲ್ಲಿದ್ದರು. ಯುದ್ಧದ ಮೋಡ ಕವಿದಾಗ ಆ ಕೆಲಸದಿಂದ ಎತ್ತಿ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು.

ಈ 1ನೇ ಸ್ಕ್ವಾಡ್ರನ್ ಅಂದರೆ ಭಾರತೀಯ ವಾಯುಪಡೆಯ ಮೊಟ್ಟಮೊದಲ ಸ್ಕ್ವಾಡ್ರನ್, 1933ರಲ್ಲಿ ಶುರುವಾದದ್ದು. 'ಟೈಗರ್ಸ್' ಅಂತ ಹೆಸರು. 1965ರಲ್ಲಿ ಅದು ಪಂಜಾಬಿನ ಜಲಂಧರ್ ಹತ್ತಿರದ ಆದಂಪುರ ನೆಲೆಯಲ್ಲಿತ್ತು. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅದರ ಕಮಾಂಡಿಂಗ್ ಆಫೀಸರ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕತೆಯ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಈಗ ಸೆಪ್ಟೆಂಬರ್ 6ಕ್ಕೆ ಬನ್ನಿ. ಅವತ್ತು ಭಾರತದ ಭೂಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರ್ ಕಡೆ ನುಗ್ಗಿತ್ತು. ಅದಕ್ಕೆ ಉತ್ತರವಾಗಿ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಎರಗಿದವು. ಪಠಾಣ್‌ಕೋಟ್‌ನಲ್ಲಿ ನಮಗೆ ಬಿದ್ದ ಪೆಟ್ಟು ಸಣ್ಣದಲ್ಲ. ನೆಲದ ಮೇಲೆ ನಿಂತಿದ್ದ ವಿಮಾನಗಳೇ ಸುಟ್ಟುಹೋದವು, ಅದರಲ್ಲಿ ಆಗಷ್ಟೇ ಬಂದಿದ್ದ ಎರಡು ಮಿಗ್-21 ಕೂಡ ಸೇರಿದ್ದವು. ಕತ್ತಲಾದ ಮೇಲೆ ಬಾಂಬರ್‌ಗಳು ಬಂದವು. ಅದೂ ಸಾಲದು ಅಂತ ಪಠಾಣ್‌ಕೋಟ್, ಆದಂಪುರ, ಹಲ್ವಾರಾ, ಈ ಮೂರೂ ನೆಲೆಗಳ ಸುತ್ತ ಪಾಕಿಸ್ತಾನ ಪ್ಯಾರಾಶೂಟ್‌ನಲ್ಲಿ ಕಮಾಂಡೋಗಳನ್ನು ಇಳಿಸಿತು. ಅವರಲ್ಲಿ ಹೆಚ್ಚಿನವರು ಹೊಲಗದ್ದೆಗಳಲ್ಲಿ ಸಿಕ್ಕಿಬಿದ್ದರು ಅನ್ನೋದು ಬೇರೆ ಮಾತು. ಆದರೆ ಆ ರಾತ್ರಿ ಆದಂಪುರದಲ್ಲಿ ಯಾರು ತಾನೇ ನೆಮ್ಮದಿಯಾಗಿ ಮಲಗಿರಲು ಸಾಧ್ಯ? ಅಂಥ ರಾತ್ರಿಯ ಕೊನೆಗೆ, ಬೆಳಕು ಹರಿಯುವ ಮೊದಲೇ, ಸರ್ಗೋಧಾ ಮೇಲೆ ದಾಳಿ ಮಾಡಬೇಕು ಅಂತ ಆದೇಶ ಇತ್ತು.

ಸರ್ಗೋಧಾ ಸಾಮಾನ್ಯ ನೆಲೆಯಲ್ಲ. ಪಾಕಿಸ್ತಾನ ವಾಯುಪಡೆಯ ಜೀವ ಇದ್ದದ್ದೇ ಅಲ್ಲಿ. ಮುಖ್ಯ ನೆಲೆ, ಸುತ್ತಮುತ್ತ ಸಣ್ಣ ಏರ್‌ಫೀಲ್ಡ್‌ಗಳು, ರಾಡಾರ್, ವಿಮಾನ ನಿರೋಧಕ ಗನ್‌ಗಳು, ಸೇಬರ್ ಯುದ್ಧವಿಮಾನಗಳು, ಸ್ಟಾರ್‌ಫೈಟರ್‌ಗಳು. ಆದಂಪುರದಿಂದ ಅಲ್ಲಿಗೆ ನೇರ ಗೆರೆಯಲ್ಲಿ ಸುಮಾರು 300 ಕಿ.ಮೀ. ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ ಅನ್ನಿಸಬಹುದು. ಆದರೆ ಮಿಸ್ಟೇರ್‌ಗೆ ಅದು ಕೈಗೆಟಕುವ ಕೊನೇ ಅಂಚು. ರಾಡಾರ್ ಕಣ್ಣು ತಪ್ಪಿಸಬೇಕಾದರೆ ಮರಗಳ ತಲೆ ಸವರಿಕೊಂಡು ಹಾರಬೇಕು, ಅಷ್ಟು ಕೆಳಗೆ ಹಾರಿದರೆ ಜೆಟ್ ಎಂಜಿನ್ ಇಂಧನವನ್ನು ಜಾಸ್ತಿ ಕುಡಿಯುತ್ತದೆ. ಹೋಗಿ, ಒಂದು ಸಲ ಹೊಡೆದು, ನೇರ ಮನೆಗೆ ಬಂದರೆ ಸರಿ. ನಡುವೆ ಕಾದಾಟಕ್ಕೆ ನಿಂತರೆ ವಾಪಸ್ ಬರಲು ಇಂಧನ ಉಳಿಯುವುದಿಲ್ಲ. ಇದು ಆ ಬೆಳಿಗ್ಗೆ ಹೊರಟ ಪ್ರತಿಯೊಬ್ಬ ಪೈಲಟ್‌ಗೂ ಗೊತ್ತಿದ್ದ ಲೆಕ್ಕ. ಮುಂದೆ ಏನಾಯಿತು ಅನ್ನೋದರ ತೂಕ ಗೊತ್ತಾಗಬೇಕಾದರೆ ನೀವೂ ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು.

ಯೋಜನೆ ಹೀಗಿತ್ತು: 12 ಮಿಸ್ಟೇರ್, ನಾಲ್ಕು ನಾಲ್ಕರ ಮೂರು ಗುಂಪು. ತನೇಜಾ ಅವರೇ ಮುಂದೆ. ಯಾವುದಾದರೂ ವಿಮಾನ ಕೈಕೊಟ್ಟರೆ ಅಂತ ಹೆಚ್ಚಿನ ಪೈಲಟ್‌ಗಳನ್ನು ಸ್ಟ್ಯಾಂಡ್‌ಬೈ ಇಟ್ಟಿದ್ದರು. ದೇವಯ್ಯ ಇದ್ದದ್ದು ಆ ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿ, ಹನ್ನೆರಡರಲ್ಲಿ ಅಲ್ಲ. ಎಲ್ಲ 12 ವಿಮಾನಗಳೂ ಸರಿಯಾಗಿ ಹೋಗಿದ್ದರೆ ಅವರು ನೆಲದ ಮೇಲೇ ಉಳಿಯುತ್ತಿದ್ದರು. ಹಾಗಾಗಲಿಲ್ಲ. ಒಂದು ಜಾಗ ಖಾಲಿಯಾಯಿತು, ಇವರು ಸೇರಿಕೊಂಡರು. ಹೊರಟಾಗ ಬೆಳಿಗ್ಗೆ ಐದೂವರೆಯ ಆಸುಪಾಸು, ಇನ್ನೂ ಕತ್ತಲು. ಗುರಿ ಮುಟ್ಟುವಾಗ ಆಗಷ್ಟೇ ಬೆಳಕು.

ದಾಳಿ ನಡೆಯಿತು. ವಾಪಸ್ ಹೊರಟರು. ಅಷ್ಟರಲ್ಲಿ ಆಕಾಶದಲ್ಲಿ ಸ್ಟಾರ್‌ಫೈಟರ್ ಇತ್ತು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್, ಪಾಕಿಸ್ತಾನದ 9ನೇ ಸ್ಕ್ವಾಡ್ರನ್ನಿನವರು.

ಇಲ್ಲಿ ವಿಮಾನಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ನಿಮ್ಮ ಎರಡನೇ ಪ್ರಶ್ನೆ ಅದೇ ತಾನೇ. ಎಫ್-104 ಸ್ಟಾರ್‌ಫೈಟರ್ ಅಮೆರಿಕದ ಲಾಕ್‌ಹೀಡ್ ಕಂಪನಿಯದು. ಶಬ್ದದ ಎರಡು ಪಟ್ಟು ವೇಗ, ಅಂದರೆ ಗಂಟೆಗೆ 2,000 ಕಿ.ಮೀ.ಗೂ ಮೇಲೆ. ಸೈಡ್‌ವೈಂಡರ್ ಕ್ಷಿಪಣಿ, ಜೊತೆಗೆ ಆರು ನಳಿಗೆಯ 20 ಮಿ.ಮೀ. ವಲ್ಕನ್ ಗನ್. ಆ ಕಾಲದಲ್ಲಿ ನಮ್ಮ ಪೈಲಟ್‌ಗಳಿಗೆ ಅದರ ಹೆಸರು ಕೇಳಿದರೇ ಒಂದು ಅಳುಕು ಇತ್ತು, ಪಾಕಿಸ್ತಾನಕ್ಕೆ ಅದೇ ದೊಡ್ಡ ಹೆಮ್ಮೆ. ಮಿಸ್ಟೇರ್ ಫ್ರಾನ್ಸಿನ ದಸೋ ಕಂಪನಿಯದು, ಐವತ್ತರ ದಶಕದ ವಿಮಾನ. ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟದು. ಕ್ಷಿಪಣಿ ಇಲ್ಲ. ಎರಡು 30 ಮಿ.ಮೀ. ಫಿರಂಗಿ, ಅಷ್ಟೇ. ಅದನ್ನು ಕಳಿಸುತ್ತಿದ್ದದ್ದು ನೆಲದ ಮೇಲಿನ ಗುರಿಗಳನ್ನು ಹೊಡೆಯಲು, ಆಕಾಶದಲ್ಲಿ ಕುಸ್ತಿ ಆಡಲು ಅಲ್ಲ.

ಕಾಗದದ ಮೇಲೆ ಇದು ಪಂದ್ಯವೇ ಅಲ್ಲ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆ ನೋಡಿದ್ದೀರಾ? ಈ ತುದಿಯಿಂದ ಆ ತುದಿಗೆ ಏಳು ಮೀಟರ್ ಕೂಡ ಇಲ್ಲ. ಅಂಚು ಎಷ್ಟು ತೆಳ್ಳಗೆ ಅಂದರೆ ನೆಲದ ಮೇಲೆ ನಿಂತಾಗ ಮೆಕ್ಯಾನಿಕ್‌ಗಳಿಗೆ ಗಾಯ ಆಗದಿರಲಿ ಅಂತ ಅದಕ್ಕೆ ಕವಚ ಹಾಕುತ್ತಿದ್ದರು. ಆ ರೆಕ್ಕೆ ಇರುವುದು ಎತ್ತರದಲ್ಲಿ ನೇರವಾಗಿ ನುಗ್ಗಲು. ತಿರುಗಲು ಅಲ್ಲ. ಕೆಳಗೆ, ನೆಲಕ್ಕೆ ಹತ್ತಿರ, ವೇಗ ಕಡಿಮೆ ಮಾಡಿ ಗಿರಕಿ ಹೊಡೆಯಲು ಹೋದರೆ ಅದು ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಅಂಥ ಜಾಗದಲ್ಲಿ ಮಿಸ್ಟೇರ್ ಇನ್ನೂ ಬಿಗಿಯಾಗಿ ತಿರುಗಬಲ್ಲದು. ಹಾಗಾಗಿ ಸ್ಟಾರ್‌ಫೈಟರ್ ಪೈಲಟ್ ಮಾಡಬೇಕಾದದ್ದು ಒಂದೇ: ಮೇಲಿಂದ ಬರಬೇಕು, ಹೊಡೆಯಬೇಕು, ನಿಲ್ಲದೆ ಮೇಲಕ್ಕೆ ಹೋಗಬೇಕು, ಮತ್ತೆ ಬೇಕಾದರೆ ಮತ್ತೆ ಬರಬೇಕು. ಎದುರಾಳಿಯ ಜೊತೆ ಸುತ್ತು ಹಾಕಲು ನಿಲ್ಲಬಾರದು.

ಅಮ್ಜದ್ ಹುಸೇನ್ ಮೊದಲು ಸೈಡ್‌ವೈಂಡರ್ ಬಿಟ್ಟರು. ತಾಗಲಿಲ್ಲ. ಆ ಕಾಲದ ಸೈಡ್‌ವೈಂಡರ್ ಶಾಖವನ್ನು ಹುಡುಕಿಕೊಂಡು ಹೋಗುವಂಥದ್ದು, ನೆಲಕ್ಕೆ ಅಷ್ಟು ಹತ್ತಿರ ಹಾರುವ ವಿಮಾನದ ಮೇಲೆ ಅದನ್ನು ನಂಬುವಂತಿರಲಿಲ್ಲ. ಆಮೇಲೆ ಗನ್ ಬಳಸಿದರು. ಅದು ತಾಗಿತು. ಮಿಸ್ಟೇರ್‌ಗೆ ಚೆನ್ನಾಗಿಯೇ ಪೆಟ್ಟು ಬಿತ್ತು. ಇದರ ಕತೆ ಮುಗಿಯಿತು ಅಂತ ಅಮ್ಜದ್ ಹುಸೇನ್ ಮುಂದಕ್ಕೆ ಹೋದರು, ಬೇರೆ ಮಿಸ್ಟೇರ್‌ಗಳನ್ನು ಹುಡುಕಿಕೊಂಡು.

ಕತೆ ಮುಗಿದಿರಲಿಲ್ಲ. ಪೆಟ್ಟು ತಿಂದ ಮಿಸ್ಟೇರ್ ಇನ್ನೂ ಹಾರುತ್ತಿತ್ತು, ಅದರೊಳಗಿನ ಪೈಲಟ್ ತಿರುಗಿಬಿದ್ದ. ಆಗ ನಡೆದದ್ದು ಸ್ಟಾರ್‌ಫೈಟರ್ ಪೈಲಟ್ ಮಾಡಲೇಬಾರದ್ದು, ಅಂದರೆ ಕೆಳಮಟ್ಟದಲ್ಲಿ, ವೇಗ ಕಳೆದುಕೊಂಡು, ಸುತ್ತು ಹಾಕುವ ಡಾಗ್‌ಫೈಟ್. ದೇವಯ್ಯ ಅವರ 30 ಮಿ.ಮೀ. ಗುಂಡುಗಳು ಸ್ಟಾರ್‌ಫೈಟರ್‌ಗೆ ತಾಗಿದವು. ಆ ಗಾತ್ರದ ಗುಂಡು ಜಾಸ್ತಿ ಬೇಕಾಗಿಲ್ಲ, ಕೆಲವು ತಾಗಿದರೆ ಸಾಕು. ವಿಮಾನ ಹತೋಟಿ ತಪ್ಪಿತು. ಅಮ್ಜದ್ ಹುಸೇನ್ ಇಜೆಕ್ಟ್ ಆಗಿ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಅವರ ಮಿಸ್ಟೇರ್ ಅಲ್ಲೇ ಪಾಕಿಸ್ತಾನದ ನೆಲದಲ್ಲಿ ಬಿತ್ತು. ಅವರು ಬದುಕಲಿಲ್ಲ. ವಯಸ್ಸು 32. ಅಲ್ಲಿನ ಹಳ್ಳಿಯವರು ಹೊಲದಲ್ಲಿ ಸಿಕ್ಕ ದೇಹವನ್ನು ಅಲ್ಲೇ ಮಣ್ಣು ಮಾಡಿದರು ಅನ್ನುವುದು ಪಾಕಿಸ್ತಾನದ ಕಡೆಯ ಬರಹಗಳಿಂದ ತಿಳಿದ ವಿಷಯ.

ಕೆಲವು ಕಡೆ ನೀವು ಓದಿರಬಹುದು, ದೇವಯ್ಯ ತಮ್ಮ ವಿಮಾನವನ್ನೇ ಸ್ಟಾರ್‌ಫೈಟರ್‌ಗೆ ಡಿಕ್ಕಿ ಹೊಡೆಸಿದರು ಅಂತ. ಕೇಳಲು ರೋಮಾಂಚನ, ಆದರೆ ಹಾಗಲ್ಲ. ಒಡೆದ ಮಿಸ್ಟೇರ್‌ನ ಚೂರುಗಳಿಗೆ ಸಿಕ್ಕಿ ಸ್ಟಾರ್‌ಫೈಟರ್ ಬಿತ್ತು ಅನ್ನುವ ವಿವರಣೆಯೂ ಪಾಕಿಸ್ತಾನದಲ್ಲಿ ಓಡಾಡಿತ್ತು. ಅದೂ ಅಲ್ಲ. ಗುಂಡು ಹೊಡೆದೇ ಬೀಳಿಸಿದ್ದು. ಡಿಕ್ಕಿಯ ಕತೆ ಹೇಳುವವರು ಹೊಗಳಲು ಹೋಗಿ ದೇವಯ್ಯ ಅವರ ಕೈಚಳಕವನ್ನೇ ಕಡಿಮೆ ಮಾಡುತ್ತಾರೆ ಅಂತ ನನ್ನ ಅನಿಸಿಕೆ. ಪೆಟ್ಟು ತಿಂದ ವಿಮಾನವನ್ನು ಹತೋಟಿಯಲ್ಲಿಟ್ಟು, ತಿರುಗಿಸಿ, ಗುರಿ ಹಿಡಿದು ಹೊಡೆಯುವುದು ಸಿಟ್ಟಿನಲ್ಲಿ ನುಗ್ಗುವವನ ಕೆಲಸ ಅಲ್ಲ. ಇದು ವರ್ಷಗಟ್ಟಲೆ ಬೇರೆಯವರಿಗೆ ಹಾರಾಟ ಕಲಿಸಿದ ಮೇಷ್ಟ್ರ ಕೆಲಸ.

ಈಗ ಆದಂಪುರಕ್ಕೆ ವಾಪಸ್ ಬನ್ನಿ. ವಿಮಾನಗಳು ಒಂದೊಂದಾಗಿ ಇಳಿದವು. ಒಂದು ಬರಲಿಲ್ಲ. ಏನಾಯಿತು ಅಂತ ಯಾರಿಗೂ ಗೊತ್ತಿಲ್ಲ. ಅರೆಗತ್ತಲಿನಲ್ಲಿ, ನೆಲ ಸವರಿಕೊಂಡು, ಗುಂಪು ಚದುರಿ ಹಾರುತ್ತಿದ್ದವರಿಗೆ ಪಕ್ಕದವನು ಎಲ್ಲಿದ್ದಾನೆ ಅಂತ ನೋಡುವುದೇ ಕಷ್ಟ. ವಿಮಾನ ನಿರೋಧಕ ಗುಂಡು ತಾಗಿತೋ, ನೆಲಕ್ಕೆ ಬಡಿಯಿತೋ, ಇಂಧನ ಮುಗಿಯಿತೋ, ಏನು ಬೇಕಾದರೂ ಆಗಿರಬಹುದಿತ್ತು. ದಾಖಲೆಯಲ್ಲಿ ಬರೆದದ್ದು 'ಕಾಣೆಯಾಗಿದ್ದಾರೆ'.

ಆ ಕಾಣೆ ಅನ್ನುವ ಮಾತು ಮನೆಯವರಿಗೆ ಎಷ್ಟು ಕೆಟ್ಟದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಸತ್ತರು ಅಂದರೆ ಅಳಬಹುದು. ಕಾಣೆ ಅಂದರೆ ಸೆರೆ ಸಿಕ್ಕಿರಬಹುದು, ನಾಳೆ ಬರಬಹುದು ಅನ್ನುವ ಆಸೆ ಇರುತ್ತದೆ. ಅದು ಹುಚ್ಚು ಆಸೆಯೂ ಆಗಿರಲಿಲ್ಲ. ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್, ಜನರಲ್ ಕಾರ್ಯಪ್ಪ ಅವರ ಮಗ ನಂದಾ ಕಾರ್ಯಪ್ಪ, ಯುದ್ಧದ ಕೊನೆಗೆ ಸೆಪ್ಟೆಂಬರ್ 22ರಂದು ಹಂಟರ್ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಯಾದರು. ಹಿಂದೆ ಕಾರ್ಯಪ್ಪ ಅವರ ಕೈಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ, ಹುಡುಗನನ್ನು ಬಿಡುಗಡೆ ಮಾಡುತ್ತೇನೆ ಅಂದರಂತೆ. ನನ್ನ ಮಗನಿಗೆ ಅಂತ ವಿಶೇಷ ಏನೂ ಬೇಡ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಅಂದರು ಕಾರ್ಯಪ್ಪ. ಕೊಡಗಿನಲ್ಲಿ ಈ ಕತೆ ಗೊತ್ತಿಲ್ಲದ ಮನೆ ಇಲ್ಲ. ನಂದಾ ಕಾರ್ಯಪ್ಪ ಆಮೇಲೆ ಉಳಿದ ಸೆರೆಯಾಳುಗಳ ಜೊತೆ ಮನೆಗೆ ಬಂದರು. ಬಂದವರಲ್ಲಿ ದೇವಯ್ಯ ಇರಲಿಲ್ಲ.

ಪದಕಕ್ಕೆ ಶಿಫಾರಸು ಹೇಗೆ ಆಗುತ್ತದೆ ಅಂತ ತಿಳಿದರೆ ಮುಂದಿನದು ಅರ್ಥವಾಗುತ್ತದೆ. ಯುದ್ಧದ ಶೌರ್ಯ ಪದಕಗಳು ನಮ್ಮಲ್ಲಿ ಮೂರು: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಮೂರೂ 1950ರ ಜನವರಿ 26ರಂದು ಶುರುವಾದವು, ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯ, ಕಾಶ್ಮೀರದ ಮೊದಲ ಯುದ್ಧದವರಿಗೂ ಸಿಗಲಿ ಅಂತ. ಪದಕ ಮೇಲಿನಿಂದ ಉದುರುವುದಿಲ್ಲ. ಕೆಳಗಿನಿಂದ ಏಳುತ್ತದೆ. ಘಟಕದ ಕಮಾಂಡರ್ ಬರೆಯಬೇಕು: ಇಂಥ ದಿನ, ಇಂಥ ಜಾಗದಲ್ಲಿ, ಶತ್ರುವಿನ ಎದುರು, ಈ ಮನುಷ್ಯ ಇಂಥದ್ದು ಮಾಡಿದ. ಕಂಡವರು ಯಾರು? ಅದಕ್ಕೆ ಆಧಾರ ಏನು? ಆ ಕಡತ ಒಂದೊಂದೇ ಮೆಟ್ಟಿಲು ಹತ್ತಿ ದೆಹಲಿಗೆ ಹೋಗುತ್ತದೆ. ವಿಮಾನ ಬೀಳಿಸಿದ್ದಕ್ಕೆ ಆ ಕಾಲದಲ್ಲಿ ಆಧಾರ ಅಂದರೆ ಗನ್ ಕ್ಯಾಮೆರಾದ ಫಿಲ್ಮ್, ಜೊತೆಗಿದ್ದ ಪೈಲಟ್‌ನ ಮಾತು, ಅಥವಾ ನೆಲದ ಮೇಲೆ ಬಿದ್ದ ಅವಶೇಷ.

ದೇವಯ್ಯ ವಿಷಯದಲ್ಲಿ ಫಿಲ್ಮ್ ವಿಮಾನದ ಜೊತೆಗೇ ಹೋಯಿತು. ಜೊತೆಗಾರರು ನೋಡಿರಲಿಲ್ಲ. ಅವಶೇಷ ಬಿದ್ದದ್ದು ಪಾಕಿಸ್ತಾನದ ಹೊಲದಲ್ಲಿ. ತನೇಜಾ ಏನಂತ ಬರೆಯಬೇಕಿತ್ತು?

ಹೋಲಿಸಿ ನೋಡಿ. ಅದೇ ಯುದ್ಧದಲ್ಲಿ, ಮೂರೇ ದಿನ ಆದ ಮೇಲೆ, ಖೇಮ್‌ಕರಣ್ ಹತ್ತಿರ ಅಬ್ದುಲ್ ಹಮೀದ್ ಜೀಪಿನ ಮೇಲಿನ ಗನ್ನಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಂದರ ಹಿಂದೆ ಒಂದು ಹೊಡೆದು ಪ್ರಾಣ ಬಿಟ್ಟರು. ಅವರಿಗೆ ಪರಮವೀರ ಚಕ್ರ ಘೋಷಣೆಯಾದದ್ದು ಒಂದು ವಾರದೊಳಗೆ. ಅಲ್ಲಿ ಇಡೀ ಬೆಟಾಲಿಯನ್ ಕಣ್ಣಾರೆ ಕಂಡಿತ್ತು, ಸುಟ್ಟ ಟ್ಯಾಂಕುಗಳು ನಮ್ಮ ನೆಲದಲ್ಲೇ ನಿಂತಿದ್ದವು, ಯಾರು ಬೇಕಾದರೂ ಹೋಗಿ ಎಣಿಸಬಹುದಿತ್ತು. ಒಬ್ಬರಿಗೆ ಒಂದು ವಾರ, ಇನ್ನೊಬ್ಬರಿಗೆ 23 ವರ್ಷ. ಧೈರ್ಯದಲ್ಲಿ ಹೆಚ್ಚು ಕಡಿಮೆ ಇತ್ತು ಅಂತಲ್ಲ, ನೋಡಿದವರು ಇದ್ದರೋ ಇಲ್ಲವೋ ಅನ್ನುವುದಷ್ಟೇ ವ್ಯತ್ಯಾಸ.

ನೋಡಿದವರು ಒಬ್ಬರು ಇದ್ದರು. ಅಮ್ಜದ್ ಹುಸೇನ್. ಅವರಿಗೆ ಅವರ ದೇಶ ಸಿತಾರಾ-ಎ-ಜುರತ್ ಪದಕ ಕೊಟ್ಟಿತು. ಈಗ ಇಲ್ಲಿ ಒಂದು ವಿಚಿತ್ರ ಇದೆ, ಸಿನಿಮಾದವರು ಕಟ್ಟಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. 1971ರ ಯುದ್ಧದಲ್ಲಿ, ಡಿಸೆಂಬರ್ 5ರಂದು, ಇದೇ ಅಮ್ಜದ್ ಹುಸೇನ್ ಮತ್ತೆ ಸ್ಟಾರ್‌ಫೈಟರ್‌ನಲ್ಲೇ ಅಮೃತಸರದ ರಾಡಾರ್ ಮೇಲೆ ದಾಳಿಗೆ ಬಂದರು. ಆಗ ಅವರು ವಿಂಗ್ ಕಮಾಂಡರ್. ನಮ್ಮ ವಿಮಾನ ನಿರೋಧಕ ಗನ್‌ಗಳು ಹೊಡೆದು ಬೀಳಿಸಿದವು. ಮತ್ತೆ ಇಜೆಕ್ಟ್, ಮತ್ತೆ ಬದುಕಿದರು, ಈ ಸಲ ಯುದ್ಧಕೈದಿಯಾಗಿ ಭಾರತದ ಕೈಗೆ ಸಿಕ್ಕರು. ಅಂದರೆ ದೇವಯ್ಯ ಅವರ ಕೊನೆಯ ನಿಮಿಷಗಳನ್ನು ಕಂಡ ಏಕೈಕ ಮನುಷ್ಯ ನಮ್ಮ ಸೆರೆಯಲ್ಲೇ ಇದ್ದರು! ಆದರೆ ಆರು ವರ್ಷ ಹಿಂದಿನ ಒಂದು ಬೆಳಗಿನ ಬಗ್ಗೆ ಅವರನ್ನು ಕೇಳಬೇಕು ಅಂತ ಅನ್ನಿಸಲು ನಮ್ಮ ಕಡೆ ಯಾರಿಗೂ ಕಾರಣವೇ ಇರಲಿಲ್ಲ.

ಗಂಟು ಬಿಚ್ಚಿದ್ದು 1979ರಲ್ಲಿ. ಜಾನ್ ಫ್ರಿಕರ್ ಅನ್ನುವ ಬ್ರಿಟಿಷ್ ಲೇಖಕ ಪಾಕಿಸ್ತಾನ ವಾಯುಪಡೆಯ ಸಹಕಾರ ಪಡೆದು 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ಬರೆದರು. ಪಾಕಿಸ್ತಾನದ ಕಡೆಯ ದೃಷ್ಟಿಯಿಂದ ಬರೆದ ಪುಸ್ತಕ ಅದು, ನಮ್ಮವರಿಗೆ ಓದಲು ಅಷ್ಟೇನೂ ಹಿತವಲ್ಲ. ಆದರೆ ಅದರಲ್ಲಿ ಈ ಸಂಗತಿ ಇತ್ತು: ಸೆಪ್ಟೆಂಬರ್ 7ರ ಬೆಳಿಗ್ಗೆ ಸರ್ಗೋಧಾ ದಾಳಿಯ ಹೊತ್ತಿನಲ್ಲಿ ಒಂದು ಸ್ಟಾರ್‌ಫೈಟರ್ ಹೋಯಿತು, ಅದನ್ನು ಬೀಳಿಸಿದ್ದು ಒಂದು ಮಿಸ್ಟೇರ್.

ಯಾವ ಮಿಸ್ಟೇರ್? ಫ್ರಿಕರ್‌ಗೆ ಗೊತ್ತಿರಲಿಲ್ಲ, ಪಾಕಿಸ್ತಾನಕ್ಕೂ ಗೊತ್ತಿರಲಿಲ್ಲ. ಉತ್ತರ ಇದ್ದದ್ದು ಆದಂಪುರದ ದಾಖಲೆಯಲ್ಲಿ. ಆ ಮುಂಜಾನೆಯ ದಾಳಿಗೆ ಹೋಗಿ ಬಂದ ಪೈಲಟ್‌ಗಳಲ್ಲಿ ಯಾರೂ ಸ್ಟಾರ್‌ಫೈಟರ್ ಬೀಳಿಸಿದೆ ಅಂತ ಹೇಳಿರಲಿಲ್ಲ. ಬೀಳಿಸಿದವರು ಸುಮ್ನೆ ಇರುತ್ತಾರಾ? ವಾಪಸ್ ಬಾರದವರು ಒಬ್ಬರೇ. ಅರ್ಧ ಚೀಟಿ ಅಲ್ಲಿತ್ತು, ಅರ್ಧ ಇಲ್ಲಿತ್ತು, ಎರಡನ್ನೂ ಜೋಡಿಸಿದಾಗ ಓದಲು ಬಂತು.

ಇಲ್ಲಿಂದ ಎರಡನೇ ಕತೆ, ನಾನು ಬೈಯಬಹುದು ಅಂದದ್ದು. 1979ರಲ್ಲಿ ವಿಷಯ ಬೆಳಕಿಗೆ ಬಂತು, ಸರಿ. ಪದಕ ಬಂದದ್ದು 1988ರ ಏಪ್ರಿಲ್‌ನಲ್ಲಿ. ನಡುವೆ ಎಂಟು ಒಂಬತ್ತು ವರ್ಷ. ಅಷ್ಟು ಕಾಲ ಹಿಡಿಯುವಂಥದ್ದು ಅದರಲ್ಲಿ ಏನಿತ್ತು? ಒಬ್ಬರು ಕೂತು ಎರಡು ದಾಖಲೆ ಪಕ್ಕ ಪಕ್ಕ ಇಟ್ಟು ನೋಡಿದರೆ ಮುಗಿಯುವ ಕೆಲಸ. ಹಳೇ ಯುದ್ಧದ ಪದಕವನ್ನು ಈಗ ಯಾಕೆ ತೆರೆಯಬೇಕು, ಒಂದು ತೆರೆದರೆ ಉಳಿದವರೂ ಬರುತ್ತಾರೆ ಅನ್ನುವ ಕಚೇರಿ ಬುದ್ಧಿಯನ್ನು ನೀವು ಯಾವ ಇಲಾಖೆಯಲ್ಲಿ ಬೇಕಾದರೂ ನೋಡಬಹುದು. ಅದರ ಹಿಂದೆ ಒಂದು ನ್ಯಾಯವೂ ಇದೆ, ಇಲ್ಲ ಅನ್ನಲಾರೆ: ದಶಕಗಳಾದ ಮೇಲೆ ಬರುವ ಎಲ್ಲ ಕತೆಗಳನ್ನೂ ನಂಬಿದರೆ ಪದಕದ ಬೆಲೆ ಉಳಿಯುವುದಿಲ್ಲ. ಆದರೆ ಇಲ್ಲಿ ಹೇಳಿಕೊಂಡು ಬಂದದ್ದು ನೆಂಟರಲ್ಲ, ಅಭಿಮಾನಿಗಳಲ್ಲ. ತನ್ನ ಹೆಮ್ಮೆಯ ವಿಮಾನ ಕಳೆದುಕೊಂಡ ಶತ್ರುವೇ ಒಪ್ಪಿಕೊಂಡ ಮಾತು. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಶಿಫಾರಸಿಗೂ ಸಿಗುವುದಿಲ್ಲ.

ಕೊನೆಗೆ ಕಡತ ಸಾಗಿದ್ದು ಹಳೇ ಕಮಾಂಡಿಂಗ್ ಆಫೀಸರ್ ತನೇಜಾ ಬಿಡದೆ ಬೆನ್ನು ಹತ್ತಿದ್ದರಿಂದ. 1965ರಲ್ಲಿ ಬರೆಯಲಾಗದ ಶಿಫಾರಸನ್ನು ಅವರು ಎರಡು ದಶಕ ದಾಟಿದ ಮೇಲೆ ಬರೆದರು. ಅವರಿಗೆ ಅದರಿಂದ ಸಿಗುವುದು ಏನೂ ಇರಲಿಲ್ಲ, 1965ರ ಕೆಲಸಕ್ಕೆ ಅವರಿಗೆ ವೀರ ಚಕ್ರ ಆಗಲೇ ಬಂದಿತ್ತು. ಈ ಇಡೀ ಪ್ರಸಂಗದಲ್ಲಿ ದೇವಯ್ಯ ಅವರನ್ನು ಬಿಟ್ಟರೆ ನನಗೆ ಗೌರವ ಇರುವುದು ತನೇಜಾ ಮೇಲೆ. ಸಿನಿಮಾ ನೋಡಿದವರು ವಿಮಾನ ಕಾದಾಟದ ಬಗ್ಗೆ ಮಾತಾಡುತ್ತಾರೆ, ಸಹಜ. ಆದರೆ ತನ್ನ ಕೈಕೆಳಗಿನವನ ಹೆಸರನ್ನು ಹಿಡಿದು ಕಚೇರಿಗೆ ಅರ್ಜಿ ಬರೆಯುತ್ತಾ ಕೂರುವ ಮುದುಕರಿಗೆ ಯಾವ ಚಕ್ರವೂ ಇಲ್ಲ.

1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಅದನ್ನು ಸ್ವೀಕರಿಸಿದರು. ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದವರು ಅವರೊಬ್ಬರೇ. ಪಾಕಿಸ್ತಾನ ವಾಯುಪಡೆಯಿಂದ ನಿವೃತ್ತರಾಗಿ ಇತಿಹಾಸ ಬರೆಯುವ ಕೈಸರ್ ತುಫೈಲ್ ಕೂಡ ಈ ಕಾಳಗದ ಬಗ್ಗೆ ಬರೆದಿದ್ದಾರೆ, ಮಿಸ್ಟೇರ್ ಪೈಲಟ್‌ಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಯೇ ಬರೆದಿದ್ದಾರೆ. ಮಡಿಕೇರಿಗೆ ಹೋದಾಗ ಹಳೇ ಖಾಸಗಿ ಬಸ್ ನಿಲ್ದಾಣದ ಹತ್ತಿರ ದೇವಯ್ಯ ಅವರ ಹೆಸರಿನ ವೃತ್ತ ನೋಡಿರುತ್ತೀರಿ, ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಯಾರು ಇವರು ಅಂತ ಕೇಳುವವರು ಕಡಿಮೆ.

ನಿಮ್ಮ ಮಾವನ ಪ್ರಶ್ನೆ ಬಾಕಿ ಇದೆ. ಪರಮವೀರ ಚಕ್ರ ಯಾಕಿಲ್ಲ? ವಾಯುಪಡೆಗೆ ಇದುವರೆಗೆ ಸಿಕ್ಕಿರುವುದು ಒಂದೇ ಒಂದು ಪರಮವೀರ ಚಕ್ರ, ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರಿಗೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಆರು ಸೇಬರ್‌ಗಳು ದಾಳಿಗೆ ಬಂದಾಗ, ರನ್‌ವೇ ಮೇಲೆ ಬಾಂಬ್ ಬೀಳುತ್ತಿರುವಾಗಲೇ ನ್ಯಾಟ್ ವಿಮಾನ ಏರಿಸಿ, ಒಬ್ಬರೇ ಅವುಗಳ ಜೊತೆ ಕಾದಾಡಿ ಪ್ರಾಣ ಬಿಟ್ಟರು. ಅದು ನಡೆದದ್ದು ನಮ್ಮದೇ ನೆಲೆಯ ನೆತ್ತಿಯ ಮೇಲೆ. ಕೆಳಗೆ ನಿಂತವರು ನೋಡಿದರು, ರೇಡಿಯೋದಲ್ಲಿ ಅವರ ದನಿ ಕೇಳಿದರು. ಶಿಫಾರಸಿಗೆ ಬೇಕಾದ ಪ್ರತಿ ಸಾಲಿಗೂ ಜನ ಇದ್ದರು. ದೇವಯ್ಯ ಅವರ ಪಾಲಿಗೆ 1988ರಲ್ಲಿ ಇದ್ದದ್ದು ಎದುರಾಳಿಯ ಒಂದು ವಿವರಣೆ, ಮತ್ತು ಉಳಿದ ಸಾಧ್ಯತೆಗಳನ್ನೆಲ್ಲ ತೆಗೆದು ಹಾಕಿ ತಲುಪಿದ ಒಂದು ತೀರ್ಮಾನ. ಅಷ್ಟರ ಮೇಲೆ ಎರಡನೇ ಅತಿ ದೊಡ್ಡ ಪದಕ ಕೊಟ್ಟದ್ದು ಕಡಿಮೆ ಅಂತ ನನಗೆ ಅನ್ನಿಸುವುದಿಲ್ಲ. ಮಾವ ಒಪ್ಪದಿದ್ದರೆ ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಇಂಧನ ಸಾಲದು ಅಂತ ಗೊತ್ತಿದ್ದೂ, ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ತಿರುಗಿ ಬಿದ್ದವರಿಗೆ ಅದು ಸಲ್ಲಬೇಕಿತ್ತು ಅನ್ನುವವರ ಮಾತಿನಲ್ಲೂ ಹುರುಳಿದೆ.

ಪದಕದ ಜೊತೆ ದುಡ್ಡು ಬರುತ್ತದಾ ಅಂತಲೂ ಜನ ಕೇಳುತ್ತಾರೆ, ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬರುತ್ತದೆ, ಜಾಸ್ತಿ ಅಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಮೊತ್ತವನ್ನು ಎರಡು ಪಟ್ಟು ಮಾಡಿದ ಮೇಲೆ ತಿಂಗಳಿಗೆ ಪರಮವೀರ ಚಕ್ರಕ್ಕೆ 20,000, ಮಹಾವೀರ ಚಕ್ರಕ್ಕೆ 10,000, ವೀರ ಚಕ್ರಕ್ಕೆ 7,000 ರೂಪಾಯಿ. ಮರಣೋತ್ತರವಾದರೆ ಅದು ಪತಿ ಅಥವಾ ಪತ್ನಿಗೆ ಸಲ್ಲುತ್ತದೆ. ರಾಜ್ಯ ಸರ್ಕಾರಗಳು ಕೊಡುವುದು ಬೇರೆ, ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ಈಗಿನ ಮೊತ್ತ ಹೇಳುತ್ತಾರೆ.